ನಲವತ್ತೊಂದನೆಯ ದಿನದ ಸಾಲು

ನಮ್ಮೂರಲ್ಲಿ ಮಣ್ಣು ತನ್ನ ಮನೆಗೆ ತಾನೇ ಹೋಗುತ್ತದೆ. ಪರಊರಿನವರಿಗೆ ಹೇಳಿದರೆ ಬಾಯಿ ಬಿಟ್ಟುಕೊಂಡು ನೋಡುತ್ತಾರೆ, ನಮಗೆ ಮಾತ್ರ ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣುವುದಿಲ್ಲ. ಎಲ್ಲಿಂದ ತಂದಿರೋ ಅಲ್ಲಿಗೆ, ಬೆಳಗಾಗುವಷ್ಟರಲ್ಲಿ ವಾಪಸು. ಆದ್ದರಿಂದ ಸಂತೆಗೆ ಗೆಣಸು ತರುವವರು ತೊಳೆದೇ ತರಬೇಕು, ಇಲ್ಲದಿದ್ದರೆ ಕೊಂಡವರು ಮರುದಿನ ತೂಕ ಕಡಿಮೆಯಾಯಿತೆಂದು ಜಗಳಕ್ಕೆ ಬರುತ್ತಾರೆ. ಮನೆ ಕಟ್ಟುವವರು ಗೋಡೆಗೆ ಬೇಕಾದ ಮಣ್ಣನ್ನು ಅದೇ ಜಾಗದಲ್ಲಿ ಅಗೆಯುತ್ತಾರೆ, ಹೀಗಾಗಿ ಪ್ರತಿ ಹಿತ್ತಿಲಲ್ಲೂ ಒಂದು ಗುಂಡಿ, ಗುಂಡಿಯ ತುಂಬ ಬಾತುಕೋಳಿ. ಮಕ್ಕಳು ಮಣ್ಣು ತಿಂದರೆ ತಾಯಂದಿರು ಬೈಯುವ ಮೊದಲು ಎಲ್ಲಿಯದು ತಿಂದೆ ಎಂದು ಕೇಳುತ್ತಾರೆ. ಶಾಲೆಯ ಅಂಗಳದ್ದಾದರೆ ಅವರಿಗೆ ಒಳಗೊಳಗೇ ಸಂತೋಷ, ಯಾಕೆಂದರೆ ಮರುದಿನ ಮಗು ಅಳದೆ ಶಾಲೆಗೆ ಹೋಗುತ್ತದೆ.

ಒಂಟಿ ಮಣ್ಣು ಮಾತ್ರ ಹೀಗೆ. ಪರಿಚಯ ಮಾಡಿಸಿದ ಮಣ್ಣು ನಿಲ್ಲುತ್ತದೆ. ಹೆಣ್ಣುಮಗಳೊಬ್ಬಳು ತವರಿನ ತುಳಸಿಯನ್ನು ಕುಂಡದ ಸಮೇತ ಗಂಡನ ಮನೆಗೆ ಒಯ್ಯಬೇಕೆಂದರೆ, ಗಂಡನ ಮನೆಯ ಅಂಗಳದಿಂದ ಒಂದು ಚಮಚ ಮಣ್ಣು ತಂದು ಕುಂಡಕ್ಕೆ ಹಾಕಿ, ಇಲ್ಲಿಂದ ಒಂದು ಚಮಚ ಅಲ್ಲಿಗೆ ಕಳಿಸಿ, ಎರಡಕ್ಕೂ ಮಜ್ಜಿಗೆಯ ತಿಳಿನೀರು ಚಿಮುಕಿಸಿ, ಇವರು ಇಂಥವರು, ಅವರು ಇಂಥವರು ಎಂದು ಹೆಸರು ಹೇಳಬೇಕು. ಅಷ್ಟಾದರೆ ಕುಂಡ ಎಲ್ಲಿಟ್ಟರೂ ಇರುತ್ತದೆ. ನನ್ನಪ್ಪ ಈ ಕೆಲಸದಲ್ಲಿ ಎತ್ತಿದ ಕೈ. ಅರ್ಧ ಊರಿನ ತುಳಸಿ ಅವನ ಕೈಯಿಂದಲೇ ನೆಲೆ ನಿಂತದ್ದು. ಯಾವ ಮಣ್ಣಿಗೆ ಯಾವ ಮಣ್ಣು ಹೊಂದುತ್ತದೆ, ಯಾವ ದಿನ ಯಾರನ್ನು ಯಾರಿಗೆ ಪರಿಚಯಿಸಿದೆ ಎಂಬುದನ್ನು ಅವನು ಸಾಯುವ ತನಕ ಮರೆಯಲಿಲ್ಲ. ಆ ನೆನಪು ನನಗೂ ಬಂದಿದೆ. ನನ್ನ ಹೆಸರು ಗುರುಪಾದಪ್ಪ, ಇಲ್ಲಿಯ ಕಾಲೇಜಿನ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷದಿಂದ ಅಟೆಂಡರ್. ಗಾಜಿನ ಸಾಮಾನು ತೊಳೆಯುವುದು, ಬೀಗ ಹಾಕುವುದು, ತೆಗೆಯುವುದು ನನ್ನ ಕೆಲಸ.

ಎರಡು ವರ್ಷದ ಹಿಂದೆ ವಾರಿಜಾ ಮೇಡಂ ನಮ್ಮ ಲ್ಯಾಬಿಗೆ ಬಂದರು. ದೂರದ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದವರು, ನಮ್ಮ ಊರಿನ ಮಣ್ಣೇ ಬೇಕೆಂದು ಬಂದವರು. ಮೂವತ್ತು ದಾಟಿರಲಿಲ್ಲ, ಆದರೆ ನಡೆಯುವಾಗ ರೈಲು ತಪ್ಪಿಹೋದೀತೆನ್ನುವವರ ಅವಸರ. ಮೊದಲ ದಿನವೇ ನಾನು ಕೇಳಿದೆ, "ಮಣ್ಣಾಗ ಏನ್ ಹುಡುಕ್ತೀರಿ ಮೇಡಂ?"

"ಯಾರ ಊಟ ಯಾರು ಮಾಡ್ತಾರೆ ಅಂತ ಹುಡುಕ್ತೀನಿ ಗುರುಪಾದಣ್ಣ," ಎಂದರು. "ಒಂದು ಚಮಚ ಮಣ್ಣಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತೆ. ಒಬ್ಬರೂ ಪೂರ್ತಿ ಅಡುಗೆ ಮಾಡಿಕೊಳ್ಳಲ್ಲ. ಒಬ್ಬರು ತಿಂದು ಹೊರಗೆ ಬಿಟ್ಟಿದ್ದು ಇನ್ನೊಬ್ಬರಿಗೆ ಊಟ. ನಿಮ್ಮ ಕೆರೆದಂಡೆ ಮಣ್ಣಲ್ಲಿ ಒಂದಿದೆ. ಇದೆ ಅಂತ ಯಂತ್ರ ಹೇಳುತ್ತೆ, ಆದರೆ ಪ್ಲೇಟಿನ ಮೇಲೆ ಇದುವರೆಗೂ ಯಾರೂ ಬೆಳೆಸಿಲ್ಲ. ಅದಕ್ಕೆ ಊಟ ಹಾಕೋರು ಯಾರು ಅಂತ ಗೊತ್ತಾದರೆ ನನ್ನ ಪಿಎಚ್.ಡಿ. ಮುಗೀತು."

"ಇಷ್ಟೇನಾ? ಅದಕ್ಕ ಇಷ್ಟ್ ಓದಬೇಕೇನ್ರಿ?" ಎಂದೆ. ಅವರು ನಕ್ಕರು. ಆ ನಗು ಕಂಡು ನನಗೆ ಈ ಹುಡುಗಿಯ ಕೆಲಸ ಆಗಲೇಬೇಕು ಎನಿಸಿತು.

ಮೊದಲ ವಾರ ಅವರು ನಾಲ್ಕು ಜಾಗದ ಮಣ್ಣನ್ನು ನಾಲ್ಕು ಜಾರಿನಲ್ಲಿ ತಂದಿಟ್ಟು ಹೋದರು. ಬೆಳಿಗ್ಗೆ ನಾಲ್ಕೂ ಖಾಲಿ. ಊರಿನವರು ಹೇಳಿದ್ದನ್ನು ಅವರು ತಮಾಷೆ ಎಂದುಕೊಂಡಿದ್ದರು. ಖಾಲಿ ಜಾರನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ದೂರದ ತಮ್ಮ ಗೈಡಿಗೆ ಫೋನು ಮಾಡಿದರು. ಗೈಡು ಪ್ರೊಫೆಸರ್ ಶೇಷಗಿರಿ, ಅವರ ದನಿ ಫೋನಿನಿಂದ ಹೊರಗೂ ಕೇಳುತ್ತಿತ್ತು. "ಆ ವಿಷಯ ಪ್ರಬಂಧದಲ್ಲಿ ಎಲ್ಲೂ ಬರಬಾರದು. ಒಳ್ಳೆ ಮುಚ್ಚಳ ತಗೊಳ್ಳಿ." ಮೇಡಂ ನಗರದಿಂದ ರಬ್ಬರಿನ ಪಟ್ಟಿಯ, ತಿರುಗಿಸಿ ಬಿಗಿಯುವ ಮುಚ್ಚಳದ ಜಾರು ತರಿಸಿದರು. ಮರುದಿನದಿಂದ ಮಣ್ಣು ನಿಂತಿತು. ಮುಚ್ಚಳ ಕೆಲಸ ಮಾಡಿತೆಂದು ಅವರಿಗೆ ಖುಷಿಯೋ ಖುಷಿ.

ಮುಚ್ಚಳವಲ್ಲ, ನಾನು. ಹೊಸ ಜಾರು ಬಂದ ಸಂಜೆ ಅವರು ಹೋದ ಮೇಲೆ ನಾಲ್ಕೂ ಬೆಂಚಿನ ಮೇಲೆ ಒಂದಕ್ಕೊಂದು ಮುಖ ತಿರುಗಿಸಿ ಕೂತದ್ದನ್ನು ನೋಡಿ ನನ್ನ ಜೀವ ತಡೆಯಲಿಲ್ಲ. ಮನೆಗೆ ಕರೆತಂದ ನಾಲ್ವರನ್ನು ಒಬ್ಬರಿಗೊಬ್ಬರು ತೋರಿಸದೆ ಬಾಗಿಲು ಹಾಕಿಕೊಂಡು ಹೋಗುವವರುಂಟೇ? ಪಾಪ, ಪರಊರಿನವರು, ರೀತಿ ಗೊತ್ತಿಲ್ಲ ಎಂದುಕೊಂಡೆ. ಮನೆಯಿಂದ ಮಜ್ಜಿಗೆಯ ತಿಳಿ ತಂದೆ. ಯಾರಿಗೆ ಯಾರು ಹೊಂದುತ್ತಾರೆಂದು ಯೋಚಿಸಿ ಎರಡೆರಡು ಜೋಡಿ ಮಾಡಿ, ಚಮಚ ಚಮಚ ಅದಲುಬದಲು ಹಾಕಿ, ಹೆಸರು ಹೇಳಿ, ಮುಚ್ಚಳ ಬಿಗಿದು ಮನೆಗೆ ಹೋದೆ. ಎಂಟು ತಿಂಗಳು, ವಾರಕ್ಕೆ ಮೂರು ದಿನ, ತೊಂಬತ್ತಾರು ದಿನ ಹೀಗೇ ನಡೆಯಿತು. ಹೇಳಿದರೆ ಅವರಿಗೆ ಮುಜುಗರವಾದೀತೆಂದು ಹೇಳಲಿಲ್ಲ.

ಅವರ ಕೆಲಸದ ಕ್ರಮ ಹೀಗಿತ್ತು. ಸಂಜೆ ಕೆರೆದಂಡೆಯದೊಂದು, ಊರಿನ ಬೇರೆ ಬೇರೆ ಮೂರು ಜಾಗದ್ದು ಮೂರು ಜಾರು ತುಂಬಿ ತೂಗಿಡುವುದು, ಬೆಳಿಗ್ಗೆ ಬಂದವರೇ ಪ್ರತಿ ಜಾರನ್ನೂ ಮತ್ತೆ ತೂಗಿ ಪುಸ್ತಕದಲ್ಲಿ ಬರೆಯುವುದು, ಮಣ್ಣಿಗೆ ನೀರು ಬೆರೆಸಿ ಕದಡಿ ತಿಳಿಯಾಗಲು ಬಿಡುವುದು, ಆ ತಿಳಿಯ ಒಂದು ಹನಿಯನ್ನು ಅಗರ್ ಎಂಬ ಗಟ್ಟಿ ಗಂಜಿ ಹಾಕಿದ ಪ್ಲೇಟಿನ ಮೇಲೆ ಸವರುವುದು, ಪ್ಲೇಟನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಒಂಬತ್ತು ದಿನ ಕಾಯುವುದು. ನೀರಿಗೆ ಮಣ್ಣಿನಂಥ ಹಟವಿಲ್ಲ, ಅದು ಕರೆದಲ್ಲಿ ಇರುತ್ತದೆ. ಹನ್ನೆರಡನೆಯ ದಿನದ ಕೆರೆದಂಡೆ ಪ್ಲೇಟಿನಲ್ಲಿ ಮೊದಲ ಸಲ ಮೇಡಂ ಹುಡುಕುತ್ತಿದ್ದ ಬ್ಯಾಕ್ಟೀರಿಯಾದ ಚುಕ್ಕಿ ಬಂತು. ಸಾಸಿವೆಗಿಂತ ಸಣ್ಣದು, ಮುತ್ತಿನ ಬಣ್ಣ, ಲೆನ್ಸಿನಲ್ಲಿ ನೋಡಿದರೆ ಅಂಚಿನ ಸುತ್ತ ಒಂದು ಸಣ್ಣ ನಿರಿಗೆ. ಮೇಡಂ ಕಾರಿಡಾರಿನಲ್ಲಿ ಓಡಿದರು. ಗುಮಾಸ್ತರ ಕೈ ಕುಲುಕಿದರು, ನನ್ನ ಕೈ ಕುಲುಕಿದರು, ದಾರಿಯಲ್ಲಿ ಸಿಕ್ಕ ತರಕಾರಿಯವನ ಕೈಯನ್ನೂ ಕುಲುಕಿದರು.

ಹದಿಮೂರನೆಯ ದಿನ ಅದೇ ಕೆರೆದಂಡೆ ಮಣ್ಣು, ಬೇರೆಯವರಿದ್ದರೂ ಚುಕ್ಕಿಯ ಮಟ್ಟಿಗೆ ಪ್ಲೇಟು ಬೋಳು. ಹದಿನಾಲ್ಕು, ಬೋಳು. ಹದಿನೈದು, ಚುಕ್ಕಿ. ಚುಕ್ಕಿಯನ್ನು ಎತ್ತಿ ಬೇರೆ ಪ್ಲೇಟಿಗೆ ಹಾಕಿದರೆ ಎರಡು ದಿನಕ್ಕೆ ಮಾಯ. ಒಂದೇ ಜಾಗ, ಒಂದೇ ಕೈ, ಒಂದೇ ಪಾತ್ರೆ, ಆದರೂ ಒಂದು ದಿನ ಇದೆ, ಒಂದು ದಿನ ಇಲ್ಲ. ಮೇಡಂ ನೀರು ಬದಲಿಸಿದರು, ಉಪ್ಪು ಬದಲಿಸಿದರು, ಕೈಗವಸು ಬದಲಿಸಿದರು, ಕೊನೆಗೆ ತಮ್ಮ ಸೋಪನ್ನೂ ಬದಲಿಸಿದರು. ನಾನು ಅವರಿಗೆ ಚಹಾ ತಂದುಕೊಟ್ಟು ಸಮಾಧಾನ ಹೇಳುತ್ತಿದ್ದೆ. ನನ್ನ ಬೆಪ್ಪುತನ ನೋಡಿ, ಎಂಟು ತಿಂಗಳು ಎದುರಿಗೇ ನಿಂತು ಸಮಾಧಾನ ಹೇಳಿದೆ!

ಕಳೆದ ಮಾಘದಲ್ಲಿ ಗೈಡಿನ ಪತ್ರ ಬಂತು. ಮೇಡಂ ಅದನ್ನು ಓದಿ ಬೆಂಚಿನ ಮೇಲಿಟ್ಟು ತಲೆಯ ಮೇಲೆ ಕೈ ಹೊತ್ತು ಕೂತರು. ನಾನು ಓದಲೇ ಎಂದು ಕಣ್ಣಲ್ಲೇ ಕೇಳಿದೆ, ಪತ್ರವನ್ನು ನನ್ನ ಕಡೆ ತಳ್ಳಿದರು. ನಾಲ್ಕೇ ಸಾಲು. ಫಲಿತಾಂಶ ಮರುಕಳಿಸುತ್ತಿಲ್ಲ, ಕೈ ಶುದ್ಧವಿಲ್ಲ, ತಿಂಗಳ ಕೊನೆಯೊಳಗೆ ಯಾವ ದಿನ ಚುಕ್ಕಿ ಬರುತ್ತದೆ ಯಾವ ದಿನ ಬರುವುದಿಲ್ಲ ಎಂದು ಮೊದಲೇ ಹೇಳಿ ತೋರಿಸಲಾಗದಿದ್ದರೆ ನೋಂದಣಿ ರದ್ದು.

"ಐದು ವರ್ಷ ಗುರುಪಾದಣ್ಣ," ಎಂದರು ಮೇಡಂ. "ನನ್ನ ಕೈ ಶುದ್ಧ ಇದೆ. ನಾನು ಒಂದು ಮಣ್ಣನ್ನ ಇನ್ನೊಂದಕ್ಕೆ ಒಂದು ಕಣಾನೂ ತಾಗಿಸಿಲ್ಲ. ಒಂದೇ ಒಂದು ಕಣ! ತಾಗಿಸಿದ್ದರೆ ಎಲ್ಲಾ ಹಾಳು ಅಂತ ಚಿಕ್ಕ ಮಗೂಗೂ ಗೊತ್ತು."

ನನ್ನ ಕೈಲಿದ್ದ ಚಹಾದ ಲೋಟ ಅಲ್ಲೇ ನಿಂತಿತು. ಆ ಚಿಕ್ಕ ಮಗುವಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಮನೆಗೆ ಹೋಗಿ ಹೆಂಡತಿ ನೀಲವ್ವನ ಮುಂದೆ ಎಲ್ಲಾ ಕಕ್ಕಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

"ಹೇಳಿದ್ರ ನೌಕರಿ ಹೋಗ್ತದೇನು?"

"ಹೋಗಬಹುದು."

"ಹೇಳದಿದ್ರ ಆಕೀ ಜೀವನ ಹೋಗ್ತದ. ಉಂಡ್ ಹೋಗ್ತೀಯೋ, ಹೇಳಿ ಬಂದು ಉಣ್ತೀಯೋ?"

ಹೇಳಿ ಬಂದು ಉಣ್ಣುತ್ತೇನೆಂದು ಹೊರಟೆ. ಮೇಡಂ ಇನ್ನೂ ಲ್ಯಾಬಿನಲ್ಲಿದ್ದರು, ಗೈಡಿಗೆ ಉತ್ತರ ಬರೆಯುತ್ತಿದ್ದರು. ಬಿಟ್ಟುಬಿಡುತ್ತೇನೆ ಎಂಬ ಉತ್ತರ. ನಾನು ಬಾಗಿಲಲ್ಲೇ ನಿಂತು ಹೇಳಿದೆ, "ಮೇಡಂ, ನಿಮ್ಮ ಕೈ ಶುದ್ಧ ಅದಾವ್ರಿ. ನನ್ನ ಕೈ ಇಲ್ಲ. ದಿನಾ ಸಂಜೀಕ ನಾನು ಅವಕ್ಕ ಪರಿಚಯ ಮಾಡಿಸ್ತಿದ್ದೆ."

ಏನು, ಎಲ್ಲಿ, ಹೇಗೆ ಎಂದು ಬಿಡಿಸಿ ಹೇಳುವಷ್ಟರಲ್ಲಿ ಅವರ ಮುಖ ಕೆಂಪಾಗಿ, ಬಿಳಿಚಿ, ಮತ್ತೆ ಕೆಂಪಾಯಿತು. "ತೊಂಬತ್ತಾರು ದಿನಾನೂ? ಕೇಳದೆ? ಒಂದು ಮಾತು ಹೇಳದೆ?" ಎಂದು ಕಿರುಚಿದರು. ಕೈಲಿದ್ದ ಪೆನ್ನು ಗೋಡೆಗೆ ಬಡಿಯಿತು. "ನೀವು ನನ್ನ ಐದು ವರ್ಷಾನ ಮಜ್ಜಿಗೇಲಿ ಕಲಸಿಬಿಟ್ಟಿರಿ!" ನಾನು ತಲೆ ತಗ್ಗಿಸಿ ನಿಂತೆ. ಬೈಗುಳಕ್ಕೆ ಅರ್ಹನಿದ್ದೆ, ಅದು ಬರಲಿ ಎಂದೇ ಬಂದಿದ್ದೆ. ಬೈದು ಬೈದು ಅವರು ಕುರ್ಚಿಗೆ ಕುಸಿದರು. ಆಮೇಲೆ ಮೆಲ್ಲಗೆ ತಲೆ ಎತ್ತಿದರು, ಆ ಕಣ್ಣಲ್ಲಿ ಸಿಟ್ಟಿರಲಿಲ್ಲ.

"ಗುರುಪಾದಣ್ಣ. ಹನ್ನೆರಡನೇ ದಿನ ಕೆರೆದಂಡೆಯನ್ನ ಯಾರಿಗೆ ಪರಿಚಯ ಮಾಡಿಸಿದ್ರಿ?"

"ಕುಂಬಾರ ಗುಂಡಿಗೆ."

"ಹದಿಮೂರನೇ ದಿನ?"

"ಅಗಸರ ಕಲ್ಲಿಗೆ. ಹದಿನಾಕಕ್ಕೂ ಅದಕ್ಕ. ಹದಿನೈದಕ್ಕ ಬಳೆಗಾರರ ಅಂಗಳ."

ಮೇಡಂ ಪುಸ್ತಕ ಎಳೆದುಕೊಂಡರು. "ನಿಮಗೆ ಎಲ್ಲಾ ದಿನದ್ದೂ ನೆನಪಿದೆಯಾ?"

ನನ್ನ ಅಭಿಮಾನಕ್ಕೇ ಸ್ವಲ್ಪ ಪೆಟ್ಟು ಬಿತ್ತು. "ಪರಿಚಯ ಮಾಡಿಸಿದವ ಮರೀತಾನೇನ್ರಿ?" ಎಂದೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ಕೂತೆವು. ನಾನು ದಿನ ದಿನದ ಜೋಡಿ ಹೇಳುತ್ತಾ ಹೋದೆ, ಅವರು ಬರೆಯುತ್ತಾ ಹೋದರು. ಮೊದಲು ತಮ್ಮ ಪುಸ್ತಕ ಮುಚ್ಚಿಟ್ಟಿದ್ದರು, ನನ್ನ ಮಾತಿಗೆ ಅದರ ಗಾಳಿ ಸೋಕಬಾರದೆಂದು. ಲ್ಯಾಬಿನ ಕಪ್ಪು ಹಲಗೆ ತುಂಬಿತು, ಪಕ್ಕದ ಗೋಡೆಗೆ ಕಾಗದ ಅಂಟಿಸಿದೆವು. ನಲವತ್ತನೆಯ ದಿನದ ತನಕ ನನ್ನ ನಾಲಿಗೆ ನೀರು ಹರಿದಂತೆ ಹರಿಯಿತು. ನಲವತ್ತೊಂದು ಎಂದರು. ಅಲ್ಲಿ ನಾನು ಒಂದು ಉಸಿರು ತಪ್ಪಿದೆ.

ಇಲ್ಲಿ ನಿಜ ಹೇಳಿಬಿಡುತ್ತೇನೆ. ಆ ದಿನ ಸಂಜೆ ಪಕ್ಕದೂರಿನಲ್ಲಿ ಟಗರಿನ ಕಾಳಗವಿತ್ತು. ಮೇಡಂ ಹೊರಟದ್ದೇ ಬೀಗ ಜಡಿದು ಓಡಿದ್ದೆ. ಯಾರನ್ನೂ ಯಾರಿಗೂ ಪರಿಚಯಿಸಿರಲಿಲ್ಲ. ಬೆಳಿಗ್ಗೆ ಬೇಗ ಬಂದು ನೋಡಿದರೆ ನಾಲ್ಕೂ ಜಾರು ಖಾಲಿ. ಮೇಡಂ ಬರುವ ಮೊದಲು ಸೈಕಲ್ಲು ತುಳಿದು ನಾಲ್ಕೂ ಜಾಗಕ್ಕೆ ಹೋಗಿ ಹೊಸದಾಗಿ ಅಗೆದು ತುಂಬಿಸಿಟ್ಟಿದ್ದೆ. ಕದ್ದು ಬೆರೆಸಿದ್ದನ್ನು ಒಪ್ಪಿಕೊಳ್ಳುವುದು ಒಂದು, ಮಣ್ಣನ್ನು ಒಂಟಿಯಾಗಿ ಬಿಟ್ಟು ಟಗರು ನೋಡಲು ಹೋದೆ ಎನ್ನುವುದು ಇನ್ನೊಂದು. ಅಪ್ಪನ ಮಗನಾಗಿ ಅದು ನನ್ನ ಬಾಯಿಂದ ಹೊರಡಲಿಲ್ಲ. ಅಂದು ತಂದಿದ್ದ ನಾಲ್ಕು ಮಣ್ಣಿನಲ್ಲಿ ಕೆರೆದಂಡೆಗೆ ಯಾರು ಹೊಂದುತ್ತಿದ್ದರೋ ಅವರ ಹೆಸರು ಹೇಳಿಬಿಟ್ಟೆ. "ಹುಣಸೆಮರ," ಎಂದೆ. ಅವರು ಬರೆದುಕೊಂಡರು.

ಸಂಜೆ ನಾಲ್ಕಕ್ಕೆ ತೊಂಬತ್ತಾರೂ ಮುಗಿಯಿತು. ಆಗ ಮೇಡಂ ತಮ್ಮ ಪುಸ್ತಕ ತೆರೆದರು. ಒಂದೊಂದು ದಿನದ ಎದುರಿಗೂ ಚುಕ್ಕಿ ಬಂದದ್ದಕ್ಕೆ ಕೆಂಪು ಸೀಮೆಸುಣ್ಣದ ಗುರುತು, ಬೋಳಿಗೆ ಬಿಳಿ. ಕುಂಬಾರ ಗುಂಡಿ, ಹನ್ನೊಂದು ಸಲ, ಹನ್ನೊಂದೂ ಕೆಂಪು. ಬಳೆಗಾರರ ಅಂಗಳ, ಒಂಬತ್ತು ಸಲ, ಒಂಬತ್ತೂ ಕೆಂಪು. ಅಗಸರ ಕಲ್ಲು, ಎಲ್ಲಾ ಬಿಳಿ. ಅಂಚೆಕಚೇರಿ, ಎಲ್ಲಾ ಬಿಳಿ. ಬಣ್ಣಗಳು ತಮ್ಮ ತಮ್ಮ ಗುಂಪಿಗೆ ಹೋಗಿ ಕೂರತೊಡಗಿದವು. ಮೇಡಂ ಹಿಂದೆ ಹಿಂದೆ ಹೆಜ್ಜೆಯಿಟ್ಟು ಇಡೀ ಗೋಡೆಯನ್ನು ನೋಡಿದರು. ಆಮೇಲೆ, "ಈ ಕೆಂಪು ಜಾಗಗಳೆಲ್ಲ ಊರಿನ ಯಾವ ಕಡೆ ಬರುತ್ತೆ?" ಎಂದು ಕೇಳಿದರು.

"ದಿಬ್ಬದ ಈ ಕಡೆ. ಇವರ ಬಚ್ಚಲ ನೀರು, ಮಳಿ ನೀರು ಎಲ್ಲಾ ಕೆರಿಗೇ ಹರೀತಾವ. ಬಿಳಿಯೋರದು ಹಳ್ಳಕ್ಕ ಹೋಗ್ತದ."

ಮೇಡಂ ನನ್ನ ಎರಡೂ ಭುಜ ಹಿಡಿದು ಅಲ್ಲಾಡಿಸಿದರು. "ನೀರಲ್ಲಿ ಬರ್ತಿದೆ ಗುರುಪಾದಣ್ಣ! ಊಟ ನೀರಲ್ಲಿ ಬರ್ತಿದೆ! ಮೇಲಿನ ಅಂಗಳದಲ್ಲಿ ಒಬ್ಬರು ಮಾಡಿ ಬಿಟ್ಟದ್ದು ಹರಿದು ಬಂದು ಕೆರೆದಂಡೇಲಿ ನನ್ನ ಚುಕ್ಕಿ ಉಣ್ತಿದೆ. ನಾನು ಅಡುಗೆಯವರನ್ನ ಕೆರೆದಂಡೇಲೇ ಹುಡುಕ್ತಾ ಕೂತಿದ್ದೆ. ಅವರು ಅಲ್ಲಿಲ್ಲ!" ಇಬ್ಬರೂ ಲ್ಯಾಬಿನ ನಡುವೆ ಕುಣಿದೆವು ಎಂದರೆ ನಂಬಬೇಕು. ಇಪ್ಪತ್ತಾರು ವರ್ಷದಲ್ಲಿ ಆ ಕೋಣೆಯಲ್ಲಿ ಯಾರೂ ಕುಣಿದಿರಲಿಲ್ಲ.

ಕುಣಿತ ನಿಂತ ಮೇಲೆ ಅವರ ಕಣ್ಣು ಒಂದು ಕಡೆ ನೆಟ್ಟಿತು. "ಈ ಹುಣಸೆಮರ ಯಾಕೆ ಬಿಳಿ? ಅದು ಕೆರೆಗಿಂತ ಮೇಲ್ಗಡೆ ಇದೆ. ಅದರ ನೀರೂ ಕೆರೆಗೇ ಬರಬೇಕಲ್ಲ?" ನಾನು ಚಹಾದ ಲೋಟ ತೊಳೆಯಲು ಹೋದೆ.

ಮೇಡಂ ಫೋನು ಮಾಡಿ ಎಲ್ಲಾ ಹೇಳಿದ್ದೇ, ಪ್ರೊಫೆಸರ್ ಶೇಷಗಿರಿ ಮೂರನೆಯ ದಿನವೇ ಬಂದಿಳಿದರು. ಉದ್ದನೆಯ ಮನುಷ್ಯ, ಶರ್ಟಿನ ಜೇಬಿನಲ್ಲಿ ಮೂರು ಪೆನ್ನು, ಯಾವುದಕ್ಕೂ ಹೂಂ ಎನ್ನದ ಮುಖ. ಗೋಡೆಯನ್ನು ಒಂದು ಗಂಟೆ ಓದಿದರು. "ಅಟೆಂಡರ್ ನೆನಪಿನ ಮೇಲೆ ಪಿಎಚ್.ಡಿ. ಕೊಟ್ಟೆ ಅಂದ್ರೆ ನನ್ನನ್ನ ನೋಡಿ ನಗ್ತಾರೆ," ಎಂದರು. "ನಾನೇ ಬೆರೆಸ್ತೀನಿ. ಐದು ಜೋಡಿ, ಒಂದು ಕೆರೆದಂಡೆ ಒಂಟಿ. ಪ್ಲೇಟಿಗೆ ನಂಬರು ಮಾತ್ರ. ಯಾವುದಕ್ಕೆ ಏನು ಬರುತ್ತೆ ಅಂತ ಈಗಲೇ ಬರೆದು ಸಹಿ ಮಾಡಿ ಕೊಡಿ. ಆರೂ ಸರಿ ಬಂದರೆ ಮುಂದುವರೀರಿ. ಒಂದು ತಪ್ಪಿದರೂ ಇಲ್ಲಿಗೆ ನಿಲ್ಲಿಸೋಣ."

ಜೋಡಿಗಳನ್ನು ಅವರೇ ಆರಿಸಿದರು. ಕುಂಬಾರ ಗುಂಡಿ, ಬಳೆಗಾರರ ಅಂಗಳ, ಅಗಸರ ಕಲ್ಲು, ಅಂಚೆಕಚೇರಿ. ಐದನೆಯದಕ್ಕೆ ಬಂದಾಗ ಅವರ ಬೆರಳು ಗೋಡೆಯ ಮೇಲೆ ಮೆಲ್ಲಗೆ ಸರಿದು ನಿಂತಿತು. "ಇದು. ಹುಣಸೆಮರ. ಒಂದೇ ಸಲ ಬಂದಿರೋದು, ನಿಮ್ಮ ನೀರಿನ ವಾದಕ್ಕೆ ಹೊಂದದೇ ಇರೋದು."

ಮೇಡಂ ಕಾಗದದಲ್ಲಿ ಹುಣಸೆಮರದ ಎದುರಿಗೆ ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದರು. ಆಮೇಲೆ ನನ್ನ ಕಡೆ ನೋಡಿದರು. "ಗುರುಪಾದಣ್ಣ ಅವತ್ತು ಪರಿಚಯ ಮಾಡಿಸಿದಾರೆ, ಚುಕ್ಕಿ ಬಂದಿಲ್ಲ. ಆದ್ದರಿಂದ ಬೋಳು," ಎಂದು ಬರೆದು ಸಹಿ ಮಾಡಿದರು. ಆಗ ಹೇಳಬೇಕಿತ್ತು. ಹೇಳಲಿಲ್ಲ. ಪರಿಚಯ ಮಾಡಿಸಿದ್ದರೂ ಅದು ಬೋಳೇ ಇರುತ್ತಿತ್ತೇನೋ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಪ್ರೊಫೆಸರು ಚಮಚ ಹಿಡಿದು ಬೆರೆಸಿದರು. ಮಜ್ಜಿಗೆಯ ತಿಳಿ ಬೇಡವೆಂದರು. "ಅದೂ ಆಗಿತ್ತಲ್ಲ ಸರ್, ಇದ್ದ ಹಾಗೇ ಮಾಡಬೇಕು," ಎಂದರು ಮೇಡಂ. ಪ್ರೊಫೆಸರು ಹಾಕಿದರು. ಹೆಸರು ಹೇಳಬೇಕೆಂದು ನಾನು ಅಂದಾಗ ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಆದರೆ ಹೇಳಿದರು, ತುಟಿ ಅಲ್ಲಾಡದ ಹಾಗೆ. ಕೋಣೆಗೆ ತಮ್ಮದೇ ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸಿದರು. ಬೆಳಿಗ್ಗೆ ತೆರೆದಾಗ ಐದು ಜಾರು ತುಂಬಿದ್ದವು. ಆರನೆಯದು, ಒಂಟಿ ಕೆರೆದಂಡೆ, ಖಾಲಿ. ಅವರು ಅದನ್ನು ಎತ್ತಿ ತಲೆಕೆಳಗು ಮಾಡಿದರು, ಮುಚ್ಚಳ ನೋಡಿದರು, ಬೀಗ ನೋಡಿದರು. ಸಲಿಕೆ ತೆಗೆದುಕೊಂಡು ಕೆರೆಯ ಕಡೆ ನಡೆದರು, ಪ್ಯಾಂಟು ಮಡಚಿಕೊಂಡು ತಾವೇ ಅಗೆದು ತಂದರು. ಪ್ರೊಫೆಸರ ಕಣ್ಣೆದುರಿಗೇ ಮೇಡಂ ಆರು ಪ್ಲೇಟು ಸವರಿದರು. ಬೆಚ್ಚನೆಯ ಪೆಟ್ಟಿಗೆಗೆ ಅರಗಿನ ಮುದ್ರೆ ಬಿತ್ತು. ಪ್ರೊಫೆಸರು ಬಸ್ಸು ಹತ್ತಿದರು.

ಒಂಬತ್ತು ದಿನ ನನಗೆ ಅನ್ನ ಸೇರಲಿಲ್ಲ. ಮೇಡಂ ಮಾತ್ರ ಹಾರುವ ನಡಿಗೆಯಲ್ಲಿ ಊರೆಲ್ಲ ತಿರುಗಿದರು, ಯಾರ ಬಚ್ಚಲು ಎಲ್ಲಿ ಹರಿಯುತ್ತದೆಂದು ನಕಾಶೆ ಬರೆದರು. ಜನರೂ ಹುರುಪಿನಿಂದ ಅವರಿಗೆ ತಮ್ಮ ತಮ್ಮ ಮೋರಿ ತೋರಿಸಿದರು. ಬಳೆಗಾರರ ಮನೆಯಲ್ಲಿ ಸೊಸೆ ಹೆಮ್ಮೆಯಿಂದ, "ನಮ್ಮ ಅಂಗಳದ್ದು ಒಂಬತ್ತಕ್ಕ ಒಂಬತ್ತು ಕೆಂಪಂತಲ್ಲರೀ?" ಎಂದು ಕೇಳಿದಳು. ಅಂಚೆಕಚೇರಿಯವರು ಮಾತ್ರ ಸ್ವಲ್ಪ ಸಪ್ಪಗಿದ್ದರು.

ತಿಂಗಳ ಕೊನೆಯ ದಿನ ಬೆಳಿಗ್ಗೆ ಹತ್ತಕ್ಕೆ ಪ್ರೊಫೆಸರು ಮುದ್ರೆ ಒಡೆದರು. ಮೇಡಂ ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಮೊದಲ ಪ್ಲೇಟು, ಚುಕ್ಕಿ. ಒಂದಲ್ಲ, ಇಪ್ಪತ್ತು ಮೂವತ್ತು, ಬೇರೆಯವರ ದೊಡ್ಡ ಹಳದಿ ಗುಂಪಿನ ಸುತ್ತ ಪಂಕ್ತಿಯಲ್ಲಿ ಕೂತ ಹಾಗೆ. ಪ್ರೊಫೆಸರು ತಮ್ಮಲ್ಲಿದ್ದ ಪಟ್ಟಿ ನೋಡಿದರು, "ಕುಂಬಾರ ಗುಂಡಿ. ಸರಿ." ಎರಡನೆಯದು ಬೋಳು. "ಅಂಚೆಕಚೇರಿ. ಸರಿ." ಮೂರನೆಯದು ಚುಕ್ಕಿ, ಬಳೆಗಾರರ ಅಂಗಳ, ಸರಿ. ನಾಲ್ಕನೆಯದು ಒಂಟಿ ಕೆರೆದಂಡೆ, ಬೋಳು, ಸರಿ. ಮೇಡಂ ಪ್ರತಿ ಸರಿಗೂ ಒಂದೊಂದು ಉಸಿರು ಬಿಡುತ್ತಿದ್ದರು. ಐದನೆಯದು ಅಗಸರ ಕಲ್ಲು, ಬೋಳು, ಸರಿ.

ಆರನೆಯದರ ಮುಚ್ಚಳ ತೆಗೆದರು. ತುಂಬ ಚುಕ್ಕಿ.

"ಹುಣಸೆಮರ," ಎಂದರು ಪ್ರೊಫೆಸರು. "ನೀವು ಬೋಳು ಅಂತ ಬರೆದಿದೀರಿ." ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ, ಅದು ನನ್ನನ್ನು ಇನ್ನಷ್ಟು ಹಿಂಡಿತು. "ವಾರಿಜಾ, ಒಂದು ತಪ್ಪಿದರೆ ಇಡೀ ಗೋಡೆ ಹೋಗುತ್ತೆ. ಇವರ ನೆನಪು ಒಂದು ದಿನ ತಪ್ಪಿದ್ದರೆ ತೊಂಬತ್ತೈದು ದಿನ ಸರಿ ಅಂತ ಹೇಗೆ ನಂಬೋದು?"

ಮೇಡಂ ಪ್ಲೇಟನ್ನೇ ನೋಡುತ್ತಿದ್ದರು, ಕಣ್ಣು ತುಂಬಿತ್ತು. ಆ ಚುಕ್ಕಿಗಳು ನನ್ನ ಕಡೆಗೇ ನೋಡುತ್ತಿವೆ ಎನಿಸಿತು. ನನ್ನ ಬಾಯಿ ತಾನಾಗಿ ತೆರೆಯಿತು.

"ನೆನಪು ತಪ್ಪಿಲ್ರಿ ಸಾಹೇಬ್ರ. ನಾನು ಸುಳ್ಳು ಹೇಳೇನಿ. ಅವತ್ತು ಯಾರ್ನೂ ಪರಿಚಯ ಮಾಡಿಸಿಲ್ಲ. ಟಗರಿನ ಕಾಳಗಕ್ಕ ಹೋಗಿದ್ದೆ. ಮುಂಜಾನೆ ಜಾರು ಖಾಲಿ ಇದ್ವು, ಹೊಸದಾಗಿ ಅಗದ್ ತುಂಬಿಸೇನಿ. ಮೇಡಂ ಸವರಿದ್ದು ಒಂಟಿ ಮಣ್ಣು."

"ಈಗ ಹೇಳಿದರೆ ಏನು ಬಂತು?" ಎಂದರು ಪ್ರೊಫೆಸರು ಬೇಸರದಿಂದ. "ಉಳಿಸೋಕೆ ಏನು ಬೇಕಾದರೂ ಹೇಳಬಹುದು."

ಮೇಡಂ 'ಖಾಲಿ' ಎಂಬ ಮಾತಿಗೇ ತಿರುಗಿದ್ದರು. "ಹೊಸದಾಗಿ ಅಗೆದಿರಾ? ಬೆಳಿಗ್ಗೆನಾ?" ಎಂದವರೇ ಪುಸ್ತಕದ ಹಾಳೆ ಹಾರಿಸಿದರು. ನಲವತ್ತೊಂದು. ಅವರ ಬೆರಳು ಒಂದು ಸಾಲಿನ ಕೆಳಗೆ ಓಡಿತು, ನಿಂತಿತು. ಪುಸ್ತಕವನ್ನು ಹಾಗೇ ತಿರುಗಿಸಿ ಪ್ರೊಫೆಸರ ಮುಂದಿಟ್ಟರು. ಅವರು ಗಟ್ಟಿಯಾಗಿ ಓದಿದರು. "ನಾಲ್ಕೂ ಜಾರು ನಿನ್ನೆ ಸಂಜೆಗಿಂತ ಹೆಚ್ಚು ತೂಕ. ಮಣ್ಣು ತುಂಬಾ ಹಸಿ. ಕೆರೆದಂಡೆಯಲ್ಲಿ ಜೀವಂತ ಎರೆಹುಳು. ಕಾರಣ ತಿಳಿಯಲಿಲ್ಲ."

ಪ್ರೊಫೆಸರು ಆ ಸಾಲನ್ನು ಎರಡನೆಯ ಸಲ ಓದಿದರು, ಮೂರನೆಯ ಸಲ ಓದಿದರು. ಉಳಿದ ದಿನಗಳ ತೂಕವನ್ನೂ ಒಂದೊಂದಾಗಿ ನೋಡಿದರು. ಬೇರೆ ಯಾವ ದಿನವೂ ಹಾಗೆ ಹೆಚ್ಚಿರಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

"ಸರಿ," ಎಂದರು ಕೊನೆಗೆ. "ಇವರು ಹೇಳಿದ್ದು ನಿಜ. ಹುಣಸೆಮರವೂ ನಿಮ್ಮ ನೀರಿನ ವಾದಕ್ಕೆ ಹೊಂದಿತು. ಈಗ ಒಂದು ಕೆಲಸ ಮಾಡಿ. ಆ ನಲವತ್ತೊಂದನೇ ದಿನವನ್ನ ತೆಗೆದುಹಾಕಿ. ತೊಂಬತ್ತೈದು ಸಾಕು. ಓದಿದವರು ನಗೋದು ಬೇಡ."

ನಾನೂ ಮನಸ್ಸಿನಲ್ಲೇ ತೆಗೆದುಹಾಕಿ ಎಂದೆ. ನನ್ನ ಮಾನ ಅಷ್ಟಕ್ಕೆ ಉಳಿಯುತ್ತಿತ್ತು. ಮೇಡಂ ಪುಸ್ತಕವನ್ನು ಎದೆಗೆ ಒತ್ತಿಕೊಂಡರು.

"ಇಲ್ಲ ಸರ್. ತೊಂಬತ್ತೈದು ದಿನ ಗುರುಪಾದಣ್ಣ ಬೆರೆಸಿದಾರೆ. ಬೆರೆಸದೇ ಇದ್ದರೆ ಏನಾಗುತ್ತೆ ಅಂತ ಎಂಟು ತಿಂಗಳಲ್ಲಿ ನನಗೆ ತೋರಿಸಿದ್ದು ಇದೊಂದೇ ದಿನ. ಹೋಲಿಸಿ ನೋಡೋಕೆ ನನ್ನ ಹತ್ತಿರ ಇರೋದು ಇದೊಂದೇ ಸಾಲು. ಇದನ್ನ ತೆಗೆದರೆ ಉಳಿದ ತೊಂಬತ್ತೈದು ಏನನ್ನೂ ಹೇಳಲ್ಲ. ಈ ಸಾಲೇ ನನ್ನ ಪ್ರಬಂಧ."

ಪ್ರೊಫೆಸರು ಅವರನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಜೇಬಿನಿಂದ ಒಂದು ಪೆನ್ನು ತೆಗೆದು ಮುಂದುವರಿಸಲು ಅನುಮತಿ ಎಂದು ಬರೆದು, ದಿನಾಂಕ ಹಾಕಿ, ಸಹಿ ಮಾಡಿದರು. ನನಗೆ ಅಳು ಬಂತು, ಮುಚ್ಚಿಡಲಿಲ್ಲ. ಮೇಡಂ ಅಲ್ಲೇ ಪುಸ್ತಕ ಬಿಚ್ಚಿ 'ಕಾರಣ ತಿಳಿಯಲಿಲ್ಲ' ಎಂಬುದರ ಕೆಳಗೆ ಗೆರೆ ಎಳೆದು ಕೇಳಿದರು, "ಏನು ಬರೀಲಿ ಗುರುಪಾದಣ್ಣ? ನಿಮಗೆ ಬೇಡ ಅಂದರೆ ಬರೀ ಗೈರುಹಾಜರಿ ಅಂತ ಹಾಕ್ತೀನಿ."

"ಇದ್ದದ್ದ ಇದ್ದಂಗ ಬರೀರಿ," ಎಂದೆ. ಅವರು ಬರೆದರು. ಲ್ಯಾಬ್ ಅಟೆಂಡರ್ ಗುರುಪಾದಪ್ಪ ಟಗರಿನ ಕಾಳಗ ನೋಡಲು ಹೋಗಿದ್ದರಿಂದ ಅಂದು ಮಣ್ಣುಗಳ ಪರಿಚಯ ನಡೆಯಲಿಲ್ಲ.

ಪ್ರೊಫೆಸರು ಅವರ ಭುಜದ ಮೇಲಿಂದ ಬಾಗಿ ಓದಿದರು. ಹೂಂ ಎನ್ನದ ಆ ಮುಖ ಮೊದಲ ಬಾರಿಗೆ ಸಡಿಲವಾಯಿತು. "ಅರ್ಧ ಬರೆದಿದೀರಿ," ಎಂದರು. "ಯಾವ ಊರು, ಯಾವ ಟಗರು, ಗೆದ್ದಿದ್ದು ಯಾವುದು, ಎಲ್ಲಾ ಹಾಕಿ. ಪರೀಕ್ಷಕರು ಕೇಳಿದರೆ ನಾನು ಉತ್ತರ ಕೊಡಬೇಕು."

ನಾನು ಒಂದೊಂದಾಗಿ ಹೇಳಿದೆ. ಮೇಡಂ ನಗುತ್ತಾ, ಮೂಗೊರೆಸಿಕೊಳ್ಳುತ್ತಾ, ಒಂದನ್ನೂ ಬಿಡದೆ ಬರೆದುಕೊಂಡರು.